ರಾಗಿಗೊಂದು ಜಾಗ, ಬೀಜಕ್ಕೊಂದು ಜಾಗ

ನಮ್ಮ ಇಂಟರ್ನ್‌ಶಿಪ್ ದಿನಚರಿಯ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ‘ಈ ಅವಧಿಯಲ್ಲಿ ನೀವು ಮಾಡಿದ ಯಾವ ಪಾಠದಿಂದ ನೀವೇ ಹೆಚ್ಚು ಕಲಿತಿರಿ?’ ಹದಿನಾರು ವಾರಗಳ ಪಾಠ ಯೋಜನೆಗಳನ್ನೆಲ್ಲ ತಿರುವಿ ಹಾಕಿದೆ. ಚಾರ್ಟು, ಮಾದರಿ ಎಲ್ಲ ಹೊತ್ತುಕೊಂಡು ಹೋಗಿ ಮಾಡಿದ ಪಾಠಗಳು ಚೆನ್ನಾಗಿಯೇ ಆಗಿದ್ದವು. ಆದರೆ ಆ ಪ್ರಶ್ನೆಗೆ ಉತ್ತರವಾಗಿ ಮನಸ್ಸಿಗೆ ಬಂದದ್ದು ಎಂಟನೇ ತರಗತಿಯ ಒಂದೇ ಒಂದು ಪಾಠ. ಅದರ ಬೀಜ ಬಿದ್ದದ್ದು ಹಾಸನದ ಒಂದು ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ. ಅದರಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಇದೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವಾದದ್ದು ನಿಮಗೆ ನೆನಪಿರಬಹುದು. ಕಾಸರಗೋಡಿನ ಚೆರುವತ್ತೂರು, ಕೊಡಗಿನ ದಕ್ಷಿಣ ತುದಿಯಲ್ಲಿ ಬೆಂಕಿಯ ಬಳೆ ಕಂಡಿತು. ನಮ್ಮ ಹಾಸನ ಜಿಲ್ಲೆಯಲ್ಲಿ ಬಳೆ ಕೂಡಲಿಲ್ಲ, ಆದರೂ ಸೂರ್ಯ ತೆಳ್ಳನೆಯ ಕುಡುಗೋಲಿನಂತೆ ಆದ. ಆ ಬೆಳಿಗ್ಗೆ ಒಟ್ಟಿಗೆ ನಿಂತು ನೋಡಿದ ಕೆಲವರು ಆಮೇಲೂ ಸೇರುತ್ತ ಹೋದೆವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಕಡೆಯವರು ಒಂಬತ್ತು ಮಂದಿ. ಒಬ್ಬರು ಅಂಚೆ ಇಲಾಖೆಯವರು, ಇಬ್ಬರು ರೈತರು, ಉಳಿದವರು ಓದುತ್ತಿದ್ದವರು, ಕೆಲಸ ಹುಡುಕುತ್ತಿದ್ದವರು. ನಮ್ಮ ಬಳಗಕ್ಕೆ ಹೆಸರಿಲ್ಲ, ನೋಂದಣಿಯೂ ಇಲ್ಲ. ಎಲ್ಲರೂ ಹಣ ಹಾಕಿ 28,000 ರೂಪಾಯಿಗೆ ಹಳೆಯದೊಂದು ಎಂಟು ಅಂಗುಲದ ಪ್ರತಿಫಲನ ದೂರದರ್ಶಕ ಕೊಂಡೆವು. ಅದರ ಜೊತೆಗೆ ಎರಡು ಬೈನಾಕ್ಯುಲರ್, ಒಂದು ಟ್ರೈಪಾಡ್, ನಾಲ್ಕು ಐಪೀಸ್, ಸೌರ ಶೋಧಕ, ತಾರಾ ನಕ್ಷೆಗಳ ಒಂದು ಕಟ್ಟು. ಐಪೀಸ್ ಎಂದರೆ ನಾವು ಕಣ್ಣಿಟ್ಟು ನೋಡುವ ಪುಟ್ಟ ಮಸೂರದ ಕೊಳವೆ.

ಇಷ್ಟೂ ಸಾಮಾನು ಹಾಸನದ ಗೆಳೆಯರೊಬ್ಬರ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಇತ್ತು. ಬಾಡಿಗೆ ಇರಲಿಲ್ಲ, ಕಾಗದಪತ್ರವೂ ಇರಲಿಲ್ಲ. 2024ರ ಜೂನ್ ಮೊದಲ ವಾರ ಅವರ ಫೋನ್ ಬಂತು. “ಓನರ್ರು ಮನೆ ರಿಪೇರಿ ಮಾಡಿಸ್ತಾರಂತೆ. ಹದಿನೈದು ದಿನದಲ್ಲಿ ಅಲ್ಲಿರೋದನ್ನೆಲ್ಲ ತೆಗೀಬೇಕಂತೆ” ಎಂದರು.

ಭಾನುವಾರ ಎಲ್ಲರೂ ಹೋಗಿ ಸಾಮಾನು ಹೊರಗೆ ತೆಗೆದೆವು. ಐಪೀಸಿನ ಡಬ್ಬಿ ತೆರೆದು ಒಂದನ್ನು ಬೆಳಕಿಗೆ ಹಿಡಿದಾಗ ಗಾಜಿನೊಳಗೆ ಜೇಡರ ಬಲೆಯ ಹಾಗೆ ಬಿಳಿಯ ಎಳೆಗಳು ಕಂಡವು. ಬೂಷ್ಟು. ನಾಲ್ಕರಲ್ಲಿ ಎರಡಕ್ಕೆ ಹಿಡಿದಿತ್ತು, ಒಂದು ಬೈನಾಕ್ಯುಲರಿಗೂ ಹಿಡಿದಿತ್ತು. ದೊಡ್ಡ ಕನ್ನಡಿಯ ಮೇಲೆ ನೀರು ಒಣಗಿದ ಕಲೆಗಳು. “ಮೆಟ್ಟಿಲ ಕೆಳಗೆ ತೇವ ಜಾಸ್ತಿ, ಅದಕ್ಕೇ ಹೀಗಾಗಿದೆ” ಎಂದರು ಒಬ್ಬರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ನನಗೆ ಗೊತ್ತಿತ್ತು, ಕಾರಣ ಅದಷ್ಟೇ ಅಲ್ಲ. ಜನವರಿಯಲ್ಲಿ ಹೊಳೆನರಸೀಪುರದ ಬಳಿ ಹೇಮಾವತಿ ದಂಡೆಯಲ್ಲಿ ನಡುರಾತ್ರಿಯವರೆಗೆ ಗುರುಗ್ರಹ, ಮೃಗಶಿರದ ನೀಹಾರಿಕೆ ನೋಡಿದ್ದೆವು. ಇಬ್ಬನಿ ಸುರಿಯುತ್ತಿತ್ತು. ಮುಗಿದ ಮೇಲೆ ಚಳಿಗೆ ನಡುಗುತ್ತ, ಒದ್ದೆಯಾಗಿದ್ದ ಕನ್ನಡಿಗೂ ಐಪೀಸುಗಳಿಗೂ ಮುಚ್ಚಳ ಹಾಕಿ ಡಬ್ಬಿಗೆ ಸೇರಿಸಿದವಳು ನಾನು. ಮಾರನೆಯ ದಿನ ತೆರೆದು ಆರಿಸಬೇಕಿತ್ತು. ಮರೆತೆ. ನೀರಿನ ಪಸೆಯನ್ನು ನಾನೇ ಒಳಗಿಟ್ಟು ಬೀಗ ಹಾಕಿದ್ದೆ. ಆ ದಿನ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಹಾಸನ: ಖಾಲಿ ಗಾಳಿಗೆ ಬಾಡಿಗೆ

ಹೊಸ ಜಾಗ ಹುಡುಕುವ ಕೆಲಸವನ್ನು ನಾನೇ ವಹಿಸಿಕೊಂಡೆ. ತಪ್ಪಿನ ಭಾರ ಸ್ವಲ್ಪ ಇಳಿಯಲಿ ಎಂಬ ಆಸೆಯೂ ಇತ್ತು. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ 1982ರಿಂದ ನಮ್ಮ ಹಾಸನದಲ್ಲಿದೆ. ಅಂಥ ಊರಿನಲ್ಲಿ ಒಂದು ದೂರದರ್ಶಕ ಇಡಲು ಜಾಗ ಸಿಗದೇ ಹೋಗುತ್ತದೆಯೇ ಎಂದುಕೊಂಡೆ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆ ಸಿಕ್ಕಿತು. ತಿಂಗಳಿಗೆ 2,500 ರೂಪಾಯಿ ಕೇಳಿದರು, ಅಡ್ವಾನ್ಸ್ ಬೇರೆ. ವರ್ಷಕ್ಕೆ 30,000. ಅಂದರೆ ಒಂದು ವರ್ಷದ ಬಾಡಿಗೆ ದೂರದರ್ಶಕದ ಬೆಲೆಗಿಂತ ಹೆಚ್ಚು!

ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ಸಾಮಾನು ಮೂರಡಿ ಉದ್ದ, ಮೂರಡಿ ಅಗಲ, ಐದಡಿ ಎತ್ತರದಲ್ಲಿ ಕೂರುತ್ತದೆ. 45 ಘನ ಅಡಿ. ಕೋಣೆಯ ಎತ್ತರವೂ ಹತ್ತಡಿ ಎಂದುಕೊಂಡರೆ 1,000 ಘನ ಅಡಿ. ನೂರು ರೂಪಾಯಿ ಬಾಡಿಗೆಯಲ್ಲಿ 95 ರೂಪಾಯಿಗಿಂತ ಹೆಚ್ಚು ಬರೀ ಗಾಳಿಗೆ ಹೋಗುತ್ತಿತ್ತು.

ಒಬ್ಬರು ಹೇಳಿದರು: “ನಮ್ಮೂರ ಕಡೆ ಕುರುಕ್ಷೇತ್ರ ನಾಟಕ ಆಡೋರು ಕಿರೀಟ, ಗದೆ, ಪರದೆ ಕೊಂಡ್ಕೋತಾರಾ? ಡ್ರಾಮಾ ಸೀನರಿಯವರ ಹತ್ರ ಒಂದು ರಾತ್ರಿಗೆ ಬಾಡಿಗೆಗೆ ತರ್ತಾರೆ. ನಾವೂ ಇದನ್ನ ಮಾರಿಬಿಡೋಣ.” ಮಾತು ಸರಿಯಾದದ್ದೇ. ಹತ್ತಾರು ಹಳ್ಳಿಗಳವರು ಒಂದೇ ಕಿರೀಟವನ್ನು ಸರದಿಯಲ್ಲಿ ತೊಡುತ್ತಾರೆ. ಅದನ್ನು ಒಣಗಿಸಿ, ಹೊಲಿದು, ಪೆಟ್ಟಿಗೆಯಲ್ಲಿಡುವ ಕಷ್ಟ ಸೀನರಿಯವರದು. ಆದರೆ ದೂರದರ್ಶಕ ಬಾಡಿಗೆಗೆ ಕೊಡುವವರು ನಮ್ಮ ಸುತ್ತಮುತ್ತ ಯಾರೂ ಸಿಗಲಿಲ್ಲ. ಮಾರಿದರೆ ಬಳಗವೂ ಮುಗಿದಂತೆ. ಒಂಬತ್ತರಲ್ಲಿ ನಾಲ್ವರು ಮಾರೋಣ ಎಂದರು. ಜುಲೈ ಕೊನೆಯ ತನಕ ಸಮಯ ಕೊಡಿ ಎಂದು ನಾನು ಕೇಳಿಕೊಂಡೆ. ಅಲ್ಲಿಯ ತನಕ ಸಾಮಾನೆಲ್ಲ ನಮ್ಮ ಮನೆಯ ನಡುಮನೆಯಲ್ಲಿ ಕೂತಿತು. ನಮ್ಮಮ್ಮ ದಿನಕ್ಕೆರಡು ಸಲ ಅದನ್ನು ಎಡವಿದರು.

ಇನ್ನೊಬ್ಬರ ಸಂಬಂಧಿಕರು ಆಲೂಗಡ್ಡೆಯ ಶೀತಲಗೃಹದಲ್ಲಿ ಕೆಲಸದಲ್ಲಿದ್ದರು. ಒಂದು ಮೂಲೆ ಕೊಡಿಸುತ್ತೇನೆ ಎಂದರು. ಹಾಸನದ ರೈತರಿಗೆ ಬಿತ್ತನೆ ಆಲೂಗಡ್ಡೆ ಪಂಜಾಬಿನ ಜಲಂಧರದಿಂದ ಬರುತ್ತದೆ. ಮೊಳಕೆ ಒಡೆಯದಿರಲೆಂದು 2ರಿಂದ 4 ಡಿಗ್ರಿ ಚಳಿಯಲ್ಲಿ, ಗೆಡ್ಡೆ ಬಾಡದಿರಲೆಂದು ಶೇ. 90ರಷ್ಟು ಆರ್ದ್ರತೆಯಲ್ಲಿ ಅದನ್ನು ಇಡುತ್ತಾರೆ. ಆಲೂಗಡ್ಡೆಗೆ ಅದು ಸ್ವರ್ಗ, ಗಾಜಿಗೆ ನರಕ. ಗಾಳಿಯ ಆರ್ದ್ರತೆ ಬಹಳ ದಿನ ಶೇ. 65ಕ್ಕಿಂತ ಮೇಲಿದ್ದರೆ ಮಸೂರದ ಮೇಲೆ ಶಿಲೀಂಧ್ರ ಬೆಳೆಯಲು ಸಾಕು. ಅಂಟಿದ ಧೂಳು, ಬೆರಳಿನ ಎಣ್ಣೆಯೇ ಅದಕ್ಕೆ ಊಟ. ಬೆಳೆಯುತ್ತ ಅದು ಬಿಡುವ ಆಮ್ಲ ಗಾಜಿನ ಲೇಪವನ್ನು ಕೆರೆಯುತ್ತದೆ. ಆಮೇಲೆ ಎಷ್ಟು ಒರೆಸಿದರೂ ಕಲೆ ಹೋಗುವುದಿಲ್ಲ.

300 ರೂಪಾಯಿ ಕೊಟ್ಟು ಒಂದು ಪುಟ್ಟ ಆರ್ದ್ರತಾ ಮಾಪಕ ಕೊಂಡೆ. ಆಮೇಲೆ ಎಲ್ಲಿಗೆ ಹೋದರೂ ಅದು ನನ್ನ ಬ್ಯಾಗಿನಲ್ಲಿತ್ತು.

ಹೊಳೆನರಸೀಪುರ: ಹಗೇವು ಮತ್ತು ಹಾರ್ಮೋನಿಯಂ

ಜುಲೈನಲ್ಲಿ ಇಂಟರ್ನ್‌ಶಿಪ್ ಶುರುವಾಯಿತು. ನನಗೆ ಬಂದದ್ದು ಹೊಳೆನರಸೀಪುರ ತಾಲ್ಲೂಕಿನ ಒಂದು ಪ್ರೌಢಶಾಲೆ. ಮೊದಲ ದಿನವೇ ಶಾಲೆಯಲ್ಲಿ ದೂರದರ್ಶಕ ಇಡಬಹುದೇ ಎಂದು ಕೇಳಿದೆ. ಮುಖ್ಯ ಶಿಕ್ಷಕರು ನಯವಾಗಿಯೇ ಇಲ್ಲ ಎಂದರು. “ದಾಸ್ತಾನು ಪುಸ್ತಕದಲ್ಲಿ ಇಲ್ಲದ ವಸ್ತು ಇಲ್ಲಿದ್ದರೆ ಕಷ್ಟ. ಇರುವ ವಸ್ತು ಒಡೆದರೆ ಇನ್ನೂ ಕಷ್ಟ. ಕೇಳುವುದು ನನ್ನನ್ನು.” ಅವರು ಬೆರಳು ಮಾಡಿದ ಕಡೆ ವಿಜ್ಞಾನದ ಬೀರು ಇತ್ತು. ಬೀಗ ಹಾಕಿತ್ತು. ಒಳಗೆ ಒಂದು ಸೂಕ್ಷ್ಮದರ್ಶಕ, ಮಸೂರಗಳು, ದರ್ಪಣಗಳು. ಅವನ್ನು ಕಡೆಯ ಸಲ ಯಾವಾಗ ತೆಗೆದರೆಂದು ಯಾರಿಗೂ ನೆನಪಿರಲಿಲ್ಲ. ನನಗೆ ಬೇಸರವಾಯಿತು, ಆದರೆ ಅವರ ಮಾತು ಸುಳ್ಳಲ್ಲ. ಒಡೆದದ್ದಕ್ಕೆ ನಮ್ಮಲ್ಲಿ ವಿಚಾರಣೆ ಇದೆ, ಬಳಸದೆ ಹಾಳಾದದ್ದಕ್ಕೆ ಇಲ್ಲ.

ಅದೇ ಊರಿನ ಹಿರಿಯರೊಬ್ಬರ ಅಂಗಳದಲ್ಲಿ ಹಳೆಯ ಹಗೇವು ಇತ್ತು. ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜ ಅವರು. ನೆಲದಡಿಯ ಈ ರಾಗಿ ಗುಂಡಿಯನ್ನು ಈಗ ಕಲ್ಲು ಚಪ್ಪಡಿ ಮುಚ್ಚಿ ಬಿಟ್ಟಿದ್ದಾರೆ. “ವರ್ಷಗಟ್ಲೆ ಇಟ್ರೂ ರಾಗಿಗೆ ಒಂದು ಹುಳ ಬೀಳ್ತಿರ್ಲಿಲ್ಲ ಕಣವ್ವ. ಆದ್ರೆ ಬಾಯಿ ತೆಗೆದ್ ತಕ್ಷಣ ಇಳಿಯಂಗಿರ್ಲಿಲ್ಲ. ದೀಪ ಇಳಿಬಿಟ್ಟು ನೋಡ್ಬೇಕು. ದೀಪ ಆರಿದ್ರೆ ಮನ್ಷನೂ ಆರ್ತಾನೆ” ಎಂದರು ಅಜ್ಜ. ಮುಚ್ಚಿದ ಗುಂಡಿಯಲ್ಲಿ ಧಾನ್ಯದ ಉಸಿರಾಟದಿಂದ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ. ಹುಳ ಬದುಕದಿರುವುದಕ್ಕೂ ದೀಪ ಆರುವುದಕ್ಕೂ ಕಾರಣ ಒಂದೇ. ನಾವು ಎರಡು ಪಾಠಗಳಲ್ಲಿ ಹೇಳುವುದನ್ನು ಅಜ್ಜ ನಾಲ್ಕು ಮಾತಿನಲ್ಲಿ ಹೇಳಿದ್ದರು.

ಮುಂದಿನ ಬೀದಿಯಲ್ಲಿ ಭಜನೆ ಮನೆ. ಅದರ ಬೀಗದ ಕೈಯೂ ಅಜ್ಜನ ಬಳಿಯೇ. ಹಾರ್ಮೋನಿಯಂ, ತಬಲ, ತಾಳ ಎಲ್ಲ ಊರಿನ ಸಾಮಾನು. ಗೋಡೆಗೆ ತೂಗುಹಾಕಿದ ಒಂದು ನೋಟ್‌ಪುಸ್ತಕದಲ್ಲಿ ಯಾರು ಏನು ಒಯ್ದರು, ಯಾವಾಗ ತಂದರು ಎಂದು ಬರೆದಿತ್ತು. ಬೀಗದ ಕೈ ಒಬ್ಬರಲ್ಲಿ, ಪುಸ್ತಕದ ಲೆಕ್ಕ ಇನ್ನೊಬ್ಬರಲ್ಲಿ. “ಹಾರ್ಮೋನಿಯಂ ಎಷ್ಟು ವರ್ಷದ್ದು ಅಜ್ಜ?” ಎಂದೆ. “ನಮ್ಮಪ್ಪನ ಕಾಲದ್ದು. ವಾರಕ್ಕೊಂದಪ ಬಾರಿಸ್ತೀವಲ್ಲ, ಅದ್ಕೇ ಉಳ್ಕಂಡೈತೆ. ಬಾರಿಸ್ದೆ ಇಟ್ರೆ ಇಲಿ ಮನೆ ಮಾಡ್ಕತ್ತವೆ.”

ಭಜನೆ ಮನೆಯಲ್ಲಿ ಮಾಪಕ ಶೇ. 81 ತೋರಿಸಿತು. ನಮ್ಮ ಗಾಜಿಗೆ ಅದು ಆಗುವ ಜಾಗವಲ್ಲ. ಆದರೂ ಆ ನೋಟ್‌ಪುಸ್ತಕ ತಲೆಯಲ್ಲಿ ಉಳಿಯಿತು. ನಮ್ಮ ಬಳಗದಲ್ಲಿ ಅಂಥ ಪುಸ್ತಕ ಇದ್ದಿದ್ದರೆ, ಜನವರಿ ರಾತ್ರಿ ಮುಚ್ಚಳ ಹಾಕಿದವರು ಯಾರು, ಮಾರನೆಯ ದಿನ ಒಣಗಿಸಿದವರು ಯಾರು ಎಂಬ ಎರಡನೆಯ ಸಾಲು ಖಾಲಿ ಇರುತ್ತಿತ್ತು. ಯಾರಾದರೂ ನೋಡಿ ಕೇಳುತ್ತಿದ್ದರು.

ಅರಕಲಗೂಡು: ಬ್ಯಾರನ್

ಅರಕಲಗೂಡಿನ ಗೆಳೆಯನ ಮನೆಯವರು ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತಾರೆ. ಆ ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಸೊಪ್ಪು ಹದಮಾಡುವ ಬ್ಯಾರನ್ ಎಂದರೆ ಎತ್ತರದ ಗೋಡೆಯ, ಕಿಟಕಿಯಿಲ್ಲದ ಒಂದು ಮನೆ. ಹೊರಗೆ ಒಲೆ ಉರಿಸುತ್ತಾರೆ. ಕೊಳವೆಗಳ ಮೂಲಕ ಬಿಸಿ ಮಾತ್ರ ಒಳಗೆ ಹರಿಯುತ್ತದೆ, ಹೊಗೆ ಸೊಪ್ಪಿಗೆ ತಾಗುವುದಿಲ್ಲ. ದಿನದಿಂದ ದಿನಕ್ಕೆ ಶಾಖ ಏರಿಸುತ್ತ ಕೊನೆಗೆ 70 ಡಿಗ್ರಿಯ ಹತ್ತಿರ ಒಯ್ಯುತ್ತಾರೆ. ಬಿಸಿಯಾದ ಗಾಳಿ ಹೆಚ್ಚು ನೀರು ಹಿಡಿಯಬಲ್ಲದು, ಆದ್ದರಿಂದ ಒಳಗಿನ ಆರ್ದ್ರತೆ ಇಳಿದು ಸೊಪ್ಪು ಒಣಗುತ್ತದೆ.

“ಇಷ್ಟು ಒಣ ಜಾಗ ಜಿಲ್ಲೆಯಲ್ಲೇ ಸಿಗಲ್ಲ” ಎಂದ ಗೆಳೆಯ. ಅವನ ತಂದೆ ನಕ್ಕರು. “ಈ ತಿಂಗಳ ಕೊನೆಯಿಂದ ಡಿಸೆಂಬರ್ ತನಕ ಬ್ಯಾರನ್ ನಂದು. ಆಮೇಲೆ ಜೂನ್ ತನಕ ಬೇಕಾದ್ರೆ ನಿಮ್ದು. ಬಾಡಿಗೆ ಗೀಡಿಗೆ ಏನೂ ಬೇಡ.” ಒಲೆ ಉರಿಯುವ ಕಾಲದಲ್ಲಿ ಅಲ್ಲಿ ಗಾಜಿಟ್ಟರೆ ಮಸೂರದ ಅಂಟು ಬಿಡುತ್ತದೆ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಒಲೆ ಆರಿದ ಕಾಲದಲ್ಲಿ ಅದೂ ಎಲ್ಲ ಕೋಣೆಗಳಂತೆ ಒಂದು ಕೋಣೆ. ನಮಗೆ ಒಣ ಜಾಗ ಬೇಕಾದದ್ದು ಮಳೆಗಾಲಕ್ಕೆ, ಅದು ಬಿಡುವಾಗುವುದು ಬೇಸಿಗೆಗೆ. ಇಷ್ಟಾದರೂ ಒಂದು ಮಾತು ತಿಳಿಯಿತು: ಒಂದೇ ಜಾಗ ವರ್ಷವಿಡೀ ಸಿಗಬೇಕೆಂಬ ಹಟ ಬಿಟ್ಟರೆ, ಹಳ್ಳಿಗಳಲ್ಲಿ ಆರು ತಿಂಗಳು ಖಾಲಿ ಇರುವ ಜಾಗಗಳು ಬೇಕಾದಷ್ಟಿವೆ.

ಚನ್ನರಾಯಪಟ್ಟಣ: ಕೊಬ್ಬರಿ ಅಟ್ಟ

ಚನ್ನರಾಯಪಟ್ಟಣದ ಕಡೆಯ ಅಕ್ಕ ಒಬ್ಬರು ನಮ್ಮ ಬಳಗದಲ್ಲಿದ್ದಾರೆ. ತೆಂಗಿನ ತೋಟವಿದೆ. ಅವರ ಮನೆಯ ಅಟ್ಟದಲ್ಲಿ ಉಂಡೆ ಕೊಬ್ಬರಿಗೆ ಬಿಟ್ಟ ಕಾಯಿಗಳು ಹರಡಿಕೊಂಡಿದ್ದವು. ಸಿಪ್ಪೆ ಸಹಿತ ಕಾಯಿ ಅಲ್ಲಿ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಕೂತು, ಒಳಗಿನ ನೀರು ಇಂಗಿ, ಅಲುಗಾಡಿಸಿದರೆ ಲೊಟಲೊಟ ಎನ್ನುವ ಹಾಗೆ ಆಗಬೇಕು. ಗಾಳಿಯಾಡಲೆಂದು ಅಟ್ಟದ ಹಲಗೆಗಳ ನಡುವೆ ಸಂದು ಬಿಟ್ಟಿರುತ್ತಾರೆ. ಮಳೆ ಜೋರಾದರೆ ಕೆಳಗೆ ಸಣ್ಣಗೆ ಹೊಗೆ ಹಾಕುವುದೂ ಉಂಟು.

ಅಟ್ಟದಲ್ಲಿ ಮಾಪಕ ಶೇ. 69 ತೋರಿಸಿತು. ಅಲ್ಲಿಯವರೆಗೆ ನೋಡಿದ ಜಾಗಗಳಲ್ಲೆಲ್ಲ ಉತ್ತಮ, ಆದರೂ ಮಸೂರಕ್ಕೆ ಸಾಲದು. ಮೇಲಾಗಿ ಧೂಳು, ಇಲಿ. “ಕೊಳವೆ, ಮರದ ಪೀಠ ಬೇಕಾದ್ರೆ ಇಲ್ಲಿರ್ಲಿ. ಗಾಜಿನ ಸಾಮಾನಿಗೆ ಮಾತ್ರ ನಾನು ಮಾತು ಕೊಡಲ್ಲ” ಎಂದರು ಅಕ್ಕ. ಅವರ ಮಾತಿನಲ್ಲೇ ಉತ್ತರವಿತ್ತು. ನನಗೆ ಆಗ ಹೊಳೆಯಲಿಲ್ಲ. ಎಲ್ಲವೂ ಒಟ್ಟಿಗೆ ಇರಬೇಕು ಎಂದುಕೊಂಡೇ ಬಸ್ ಹತ್ತಿದೆ.

ಮಕ್ಕಳು ಬಿಡಿಸಿದ ಗಂಟು

ಶಾಲೆಯಲ್ಲಿ ಎಂಟನೇ ತರಗತಿಗೆ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಪಾಠ ನಡೆಯುತ್ತಿತ್ತು. ಧಾನ್ಯ ಸಂಗ್ರಹಣೆಯ ಭಾಗ ನನ್ನ ಪಾಲಿಗೆ ಬಂತು. ಪಠ್ಯದಲ್ಲಿ ಗೋಣಿಚೀಲ, ಲೋಹದ ಕಣಜ, ಉಗ್ರಾಣ, ಒಣ ಬೇವಿನ ಎಲೆ ಇವೆ. ‘ತೊಡಗಿಸಿಕೊಳ್ಳುವಿಕೆ’ ಹಂತಕ್ಕೆ ಚಿತ್ರಪಟ ತೋರಿಸಬೇಕೆಂದು ಯೋಜನೆಯಲ್ಲಿ ಬರೆದಿದ್ದೆ. ಆ ಬೆಳಿಗ್ಗೆ ಮನಸ್ಸು ಬದಲಾಯಿಸಿ ಬೂಷ್ಟು ಹಿಡಿದ ಐಪೀಸ್ ಅನ್ನೇ ಒಯ್ದೆ. ಕೈಯಿಂದ ಕೈಗೆ ದಾಟಿಸಿದೆ. ನಾಲ್ಕು ಊರು ತಿರುಗಿದ ಕಥೆಯನ್ನು ಹೇಳಿ, “ಇದನ್ನು ಎಲ್ಲಿಡಬೇಕು, ನೀವೇ ಹೇಳಿ” ಎಂದೆ.

ಮೊದಲು ಗದ್ದಲ. ಒಬ್ಬ ಹಗೇವಿನಲ್ಲಿಡಿ ಎಂದ, ಇನ್ನೊಬ್ಬ ಫ್ರಿಜ್ ಎಂದ. ಹಿಂದಿನ ಸಾಲಿನಲ್ಲಿ ಹೆಚ್ಚು ಮಾತಾಡದ ಒಬ್ಬ ಹುಡುಗಿ ಎದ್ದು ನಿಂತಳು. “ಮಿಸ್, ಎಲ್ಲಾನೂ ಒಂದೇ ಕಡೆ ಯಾಕಿಡ್ಬೇಕು? ನಮ್ಮನೇಲಿ ರಾಗಿ ಚೀಲ ನಡುಮನೇಲಿರುತ್ತೆ. ಕಾಯಿ ಅಟ್ಟದ ಮೇಲಿರುತ್ತೆ. ಬಿತ್ತನೆ ಬೀಜ ಮಾತ್ರ ನಮ್ಮಜ್ಜಿ ಬೂದಿ ಬೆರೆಸಿ, ಡಬ್ಬೀಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಒಲೆ ಪಕ್ಕದ ಗೂಡಲ್ಲಿಡುತ್ತೆ. ಬೀಜ ಸ್ವಲ್ಪಾನೇ ತಾನೆ ಇರೋದು?”

ಬೀಜ ಸ್ವಲ್ಪವೇ ಇರುವುದು. ನಾನು ಕರಿಹಲಗೆಯ ಕಡೆ ತಿರುಗಿ ಸುಮ್ಮನೆ ನಿಂತೆ. ನಮ್ಮ ದೂರದರ್ಶಕದಲ್ಲೂ ಬೀಜ ಸ್ವಲ್ಪವೇ. ನಾಲ್ಕಡಿ ಕೊಳವೆ, ಮರದ ಪೀಠ, ಟ್ರೈಪಾಡ್ ಇವಕ್ಕೆ ಬೇಕಾದದ್ದು ಜಾಗ. ಆರೈಕೆ ಅಷ್ಟೇನೂ ಬೇಡ. ಎಂಟು ಅಂಗುಲದ ಕನ್ನಡಿ, ಐಪೀಸ್, ಬೈನಾಕ್ಯುಲರ್ ಇವಕ್ಕೆ ಬೇಕಾದದ್ದು ಆರೈಕೆ. ಜಾಗ ಎರಡು ಡಬ್ಬದಷ್ಟು. ಎರಡನ್ನೂ ಒಂದೇ ಕಡೆ ಇಡಲು ಹೋದದ್ದರಿಂದ ದೊಡ್ಡದೂ ಒಣಗಿದ್ದೂ ಅಗ್ಗವೂ ಆದ ಜಾಗವನ್ನು ಹುಡುಕುತ್ತಿದ್ದೆ. ಅಂಥ ಜಾಗ ಎಲ್ಲಿಯೂ ಇರಲಿಲ್ಲ.

ಉಳಿದ ಪಾಠ ಮಕ್ಕಳೇ ನಡೆಸಿದರು. ‘ಜಾಗ ಬೇಕಾದವು’, ‘ಆರೈಕೆ ಬೇಕಾದವು’ ಎಂದು ಎರಡು ಪಟ್ಟಿ ಬರೆದರು. ಘನ ಅಡಿಯ ಲೆಕ್ಕ ಹಾಕಿದರು. ಅಜ್ಜಿಯ ಬೂದಿಯ ಕೆಲಸವನ್ನು ಗಾಜಿಗೆ ಮಾಡುವುದು ಯಾವುದು ಎಂದು ಕೇಳಿದಾಗ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಹರಳಿನ ಪೊಟ್ಟಣದ ಹೆಸರು ಬಂತು. ಸಿಲಿಕಾ ಜೆಲ್. ಬೂಷ್ಟು ಹಿಡಿದದ್ದನ್ನು ಒಳ್ಳೆಯವುಗಳ ಜೊತೆ ಇಡಬಾರದು ಎಂದು ಆಲೂಗಡ್ಡೆ ಬೆಳೆಯುವ ಮನೆಯ ಹುಡುಗ ಹೇಳಿದ: “ಕೊಳೆತದ್ದು ಒಂದಿದ್ರೆ ಮೂಟೆನೇ ಹೋಗುತ್ತೆ ಮಿಸ್.”

ಅವಧಿಯ ಕೊನೆಗೆ ಒಬ್ಬ ಕೇಳಿದ: “ಮಿಸ್, ಬೂಷ್ಟು ಬರೋ ಹಾಗೆ ಮಾಡ್ದೋರು ಯಾರು?” ತರಗತಿಯ ಹಿಂದೆ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದರು. “ನಾನೇ” ಎಂದೆ. “ಇಬ್ಬನಿ ಒರೆಸದೆ ಮುಚ್ಚಳ ಹಾಕಿದೆ.” ಯಾರೂ ನಗಲಿಲ್ಲ. ಆ ಸಂಜೆ ಬಳಗದ ಎಂಟು ಮಂದಿಗೂ ಫೋನ್ ಮಾಡಿ ಅದನ್ನೇ ಹೇಳಿದೆ. ಇಬ್ಬರು ಬೈದರು. ಅಂಚೆ ಇಲಾಖೆಯವರು ಮಾತ್ರ, “ಹಾಗಾದ್ರೆ ಮೆಟ್ಟಿಲಿನ ತಪ್ಪಲ್ಲ ಅಂತಾಯ್ತು. ಜಾಗ ಬದಲಾಯಿಸಿದ್ರೂ ಮತ್ತೆ ಹೀಗೇ ಆಗ್ತಿತ್ತು” ಎಂದರು. ನಾನು ಮುಚ್ಚಿಟ್ಟದ್ದರಿಂದ ಬಳಗ ತಪ್ಪು ಕಾರಣವನ್ನು ನಂಬಿಕೊಂಡು ಎರಡು ತಿಂಗಳು ಜಾಗ ಹುಡುಕಿತ್ತು.

ಈಗಿನ ಏರ್ಪಾಡು

ಜುಲೈ ಕೊನೆಯ ಭಾನುವಾರ ಒಂಬತ್ತೂ ಮಂದಿ ಸೇರಿದೆವು. ಮಾರುವ ಮಾತು ಹಿಂದೆ ಸರಿಯಿತು. ಮಳೆಗಾಲದಲ್ಲಿ ಕೊಳವೆ, ಪೀಠ ಚನ್ನರಾಯಪಟ್ಟಣದ ಅಟ್ಟಕ್ಕೆ. ಕೊಳವೆಯ ಎರಡೂ ಬಾಯಿಗೆ ಇಲಿ ಹೋಗದಂತೆ ತಗಡಿನ ಮುಚ್ಚಳ, ಮೇಲೆ ಟಾರ್ಪಾಲು. ಜನವರಿಯಿಂದ ಜೂನ್ ತನಕ ಅರಕಲಗೂಡಿನ ಬ್ಯಾರನ್‌ಗೆ. ಮೋಡವಿಲ್ಲದ ಕಾಲವೂ ಅದೇ, ಅಲ್ಲಿ ಊರ ದೀಪಗಳ ಕಾಟವೂ ಕಡಿಮೆ. ಮಳೆಗಾಲಕ್ಕೆ ಮುಂಚೆ ಕನ್ನಡಿಯನ್ನು ಅದರ ತಟ್ಟೆಯ ಸಮೇತ ಬಿಚ್ಚಿ, ಐಪೀಸುಗಳ ಜೊತೆ ಗಾಳಿಯಾಡದ ಎರಡು ಪ್ಲಾಸ್ಟಿಕ್ ಡಬ್ಬಗಳಲ್ಲಿಡುತ್ತೇವೆ. ಒಳಗೆ ಸಿಲಿಕಾ ಜೆಲ್, ಆರ್ದ್ರತಾ ಮಾಪಕ. ಕಿತ್ತಳೆ ಬಣ್ಣದ ಹರಳು ತೇವ ಹೀರಿದರೆ ಹಸಿರಾಗುತ್ತದೆ. ಆಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ಹೊರಗೆ ಶೇ. 80 ಇರುವಾಗಲೂ ಡಬ್ಬದೊಳಗೆ ಶೇ. 42 ಇರುತ್ತದೆ. ಬಿಚ್ಚಿದ ಕನ್ನಡಿಯನ್ನು ಮತ್ತೆ ಕೂರಿಸಿದಾಗ ಬೆಳಕಿನ ದಾರಿ ನೇರಮಾಡಿಕೊಳ್ಳಬೇಕು. ಹತ್ತು ಹದಿನೈದು ನಿಮಿಷದ ಕೆಲಸ. ಪ್ರತಿಫಲನದ ನಿಯಮ ಕಲಿಸಲು ಅದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಸಿಕ್ಕಿಲ್ಲ.

ಡಬ್ಬಗಳು ತಿಂಗಳಿಗೊಬ್ಬರ ಮನೆಗೆ ಹೋಗುತ್ತವೆ. ತೆಗೆದುಕೊಂಡವರು ತೆರೆದು ನೋಡಿ, ಮಾಪಕದ ಅಂಕಿ ಬರೆದು, ಸಹಿ ಹಾಕಬೇಕು. ಭಜನೆ ಮನೆಯಿಂದ ಕಲಿತ ಪುಸ್ತಕ ಇದು. ಅದರಲ್ಲಿ ‘ಒಣಗಿಸಿದವರು’ ಎಂಬ ಒಂದು ಕಲಂ ಹೆಚ್ಚಿಗೆ ಹಾಕಿದ್ದೇವೆ. ಜಾಗ ಕೊಟ್ಟ ಇಬ್ಬರೂ ಬಾಡಿಗೆ ಬೇಡವೆಂದರು. ಆದರೂ ಒಂದೊಂದು ಪುಟ ಬರೆದುಕೊಂಡೆವು: ಸಾಮಾನು ಯಾರದು, ಎಲ್ಲಿಯ ತನಕ ಇರಬಹುದು, ತೆಗೆಯಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಹಾಳಾದರೆ ಜಾಗ ಕೊಟ್ಟವರು ಹೊಣೆಯಲ್ಲ ಎಂದು. ಬಾಯಿಮಾತಿನ ಪುಕ್ಕಟೆ ಜಾಗ ಹದಿನೈದೇ ದಿನದಲ್ಲಿ ಕೈತಪ್ಪಿದ್ದನ್ನು ಒಮ್ಮೆ ನೋಡಿದ್ದೆವಲ್ಲ.

ಡಬ್ಬಗಳಿಗೆ 1,100, ಸಿಲಿಕಾ ಜೆಲ್‌ಗೆ 350, ಎರಡು ಮಾಪಕಕ್ಕೆ 600, ಟಾರ್ಪಾಲಿಗೆ 700, ಲಗೇಜ್ ಆಟೋಗೆ 1,200. ಒಟ್ಟು 3,950 ರೂಪಾಯಿ. ತಲೆಗೆ 440 ಕೂಡ ಆಗಲಿಲ್ಲ. ಕೋಣೆಯ ಬಾಡಿಗೆಯಾದರೆ 30,000.

ಶಾಲೆಯ ಬೀರುವಿನ ವಿಷಯ ಬಿಟ್ಟುಹೋಗಬಾರದು. ಆ ಪಾಠದ ಮರುವಾರ ಮಾರ್ಗದರ್ಶಕ ಶಿಕ್ಷಕರು ಬೀಗದ ಕೈ ತಂದರು. ಮಕ್ಕಳು ಒಂದೊಂದನ್ನೂ ಒರೆಸಿ, ಪಟ್ಟಿ ಮಾಡಿ, ದಾಸ್ತಾನು ಪುಸ್ತಕದ ಜೊತೆ ತಾಳೆ ನೋಡಿದರು. ಸೂಕ್ಷ್ಮದರ್ಶಕ ಚೆನ್ನಾಗಿಯೇ ಇತ್ತು. ಮುಂದಿನ ಪಾಠ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’. ಒದ್ದೆ ಬ್ರೆಡ್ಡಿನ ಮೇಲೆ ಬಂದ ಬೂಷ್ಟನ್ನು ಎಂಟನೇ ತರಗತಿಯವರೆಲ್ಲ ಅದರಲ್ಲೇ ನೋಡಿದರು. ಮುಖ್ಯ ಶಿಕ್ಷಕರೂ ಬಂದು ಸರದಿಯಲ್ಲಿ ನಿಂತರು.

ಸೆಪ್ಟೆಂಬರ್ 29, ಭಾನುವಾರ. ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಮುಂಜಾನೆಯ ಪೂರ್ವದಲ್ಲಿ ಕಾಣುವ ದಿನಗಳು. ಶಾಲೆಯ ಊರಿನ ಹೊರಗೆ ಕೆರೆ ಏರಿಯ ಮೇಲೆ ಐದು ಗಂಟೆಗೇ ನಿಂತಿದ್ದೆವು. ನಾಲ್ಕೈದು ಮಕ್ಕಳು, ಅವರ ಮನೆಯವರು, ಹಗೇವಿನ ಅಜ್ಜ. ಡಬ್ಬದಿಂದ ತೆಗೆದ ಒಳ್ಳೆಯ ಬೈನಾಕ್ಯುಲರ್ ಒಂದೇ. ಮೋಡ ಸ್ವಲ್ಪ ಬಿರಿದಾಗ ಕೆಳಗೆ, ಮಂಜಿನ ಮೇಲೆ, ಸುಣ್ಣದಲ್ಲಿ ಎಳೆದ ತೆಳುಗೆರೆಯಂತೆ ಕಂಡಿತು. ಮೋಡ ಮತ್ತೆ ಕೂಡುವ ಮೊದಲು ಎಲ್ಲರಿಗೂ ಒಂದೊಂದು ಸಲ ಸಿಕ್ಕಿತು. ಬೂದಿ ಡಬ್ಬಿಯ ಮಾತು ಹೇಳಿದ ಹುಡುಗಿ ಎರಡು ಸಲ ನೋಡಿದಳು.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಹೇಳಲು ನನ್ನ ಬಳಿ ಇರುವುದು ಇಷ್ಟೇ. ಹೋದ ಶಾಲೆಯಲ್ಲಿ ಮೊದಲ ವಾರವೇ ಬೀರುವಿನ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿಕೊಳ್ಳಿ. ಒಡೆದರೆ ಏನು ಮಾಡಬೇಕೆಂದು ಮುಂಚೆಯೇ ಮಾತಾಡಿಕೊಂಡು, ಬರೆದಿಟ್ಟು, ಆಮೇಲೆ ತೆರೆಯಿರಿ. ಉಗ್ರಾಣದ ಪಾಠಕ್ಕೆ ಚಿತ್ರಪಟ ಕೊಳ್ಳಬೇಡಿ. ಮಕ್ಕಳ ಮನೆಗಳಲ್ಲಿ ಅಟ್ಟ, ಗೂಡು, ಡಬ್ಬಿ ಎಲ್ಲ ಇವೆ. ಯಾವುದನ್ನು ಎಲ್ಲಿಡುತ್ತಾರೆ, ಯಾಕೆ ಎಂದು ಕೇಳಿ. ತಪ್ಪು ನಿಮ್ಮದಾಗಿದ್ದರೆ ಬೇಗ ಹೇಳಿಬಿಡಿ.

ಆ ಬೆಳಿಗ್ಗೆ ಬೈನಾಕ್ಯುಲರಿನ ಮೇಲೂ ಇಬ್ಬನಿ ಕೂತಿತ್ತು. ಮುಚ್ಚಳ ಹಾಕದೆ ಹಾಗೆಯೇ ತಂದು, ಮಧ್ಯಾಹ್ನದ ತನಕ ಮೇಜಿನ ಮೇಲೆ ಆರಲು ಬಿಟ್ಟೆ. ಆಮೇಲೆ ಡಬ್ಬಕ್ಕೆ ಹಾಕಿ, ಶೇ. 43 ಎಂದು ಪುಸ್ತಕದಲ್ಲಿ ಬರೆದು, ‘ಒಣಗಿಸಿದವರು’ ಕಲಂನಲ್ಲಿ ನನ್ನ ಸಹಿ ಹಾಕಿದೆ.